ಗುರುವಾರದ ತೂಕ

ನಮ್ಮ ಗಾರ್ಮೆಂಟ್ಸಿನಲ್ಲಿ ಹೊಲಿಯಲು ಬಾರದವನು ನಾನೊಬ್ಬನೇ. ಕಲಿಸಲಿಲ್ಲವೆಂದಲ್ಲ. ಕಲಿಸಿದರು, ಬೈದರು, ಮತ್ತೆ ಕಲಿಸಿದರು. ಕೊನೆಗೆ ನಾನು ಹೊಲಿದ ಪ್ಯಾಂಟೊಂದರ ಜೇಬು ಮೊಣಕಾಲಿನ ಹಿಂದೆ ಬಂದು ಕೂತಿದ್ದನ್ನು ನೋಡಿದ ಮಾಲೀಕ ತುರ್ದು ಬಾಯ್ಕೆ, ಅಂದರೆ ತುರ್ದು ಅಣ್ಣ, ನನ್ನ ಕೈಗೆ ಒಂದು ದಬ್ಬಳ, ಒಂದು ಹುರಿ ಉಂಡೆ ಕೊಟ್ಟು, "ಕೆಲ್ದಿ, ನೀನು ಮೂಟೆ ಹೊಲಿಯಪ್ಪ. ಮೂಟೆಗೆ ಜೇಬಿರಲ್ಲ," ಅಂದರು. ಅಂದಿನಿಂದ ಪ್ಯಾಕಿಂಗ್ ಮೂಲೆ ನನ್ನದು. ನಮ್ಮ ರಾಜಧಾನಿ ಬಿಷ್ಕೆಕ್‌ನ ಅಂಚಿನಲ್ಲಿ, ಹಳೇ ಶಾಲೆಯ ನೆಲಮಾಳಿಗೆಯಲ್ಲಿ, ಇಸ್ತ್ರಿಯ ಹಬೆಗೂ ಚಹಾದ ಹಬೆಗೂ ವ್ಯತ್ಯಾಸ ತಿಳಿಯದ ಒಂದು ಮೂಲೆ. ಅಲ್ಲಿ ನನ್ನ ಆಸ್ತಿಯೆಂದರೆ ಮೂಟೆ ತೂಗುವ ಮಷೀನು. ಪ್ರತಿ ಗುರುವಾರ ಮಾಸ್ಕೋ ಲಾರಿ ಬರುತ್ತದೆ. ಆ ಬೆಳಿಗ್ಗೆ ಮೂಟೆಗಳನ್ನು ಅದರ ಮೇಲೆ ಹತ್ತಿಸಿ, ಕೆಂಪು ಅಂಕಿ ನೋಡಿ, ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬರೆಯುವುದು ನನ್ನ ಕೆಲಸ.

ಆ ಮಷೀನು ಹತ್ತಿದ ಮೊದಲ ಮನುಷ್ಯನೂ ನಾನೇ. ಗುಂಡಿ ಹಾಕುವ ಹುಡುಗಿಯೊಬ್ಬಳು "ಕೆಲ್ದಿ ಬಾಯ್ಕೆ ಪಕ್ಕ ಕೂತ್ರೆ ಬೇಸಿಗೇಲಿ ನೆರಳಿಗೆ ಮರ ಹುಡುಕೋದು ಬೇಡ" ಅಂದಿದ್ದಳು. ರೋಷ ಬಂತು. ಅಂದು ಬೆಳಗಿನ ಚಹಾಕ್ಕೆ ಶುರುವಾದ ನನ್ನ ತೂಕ ಇಳಿಸುವ ವ್ರತ ಮಧ್ಯಾಹ್ನ ಲಗ್ಮಾನ್ ನೂಡಲ್ಸಿನ ತಟ್ಟೆ ಎದುರಿಗೆ ಬರುವ ತನಕ ನಡೆಯಿತು. ಊಟಕ್ಕೆ ಮುಂಚೆ ಒಮ್ಮೆ, ಊಟದ ನಂತರ ಒಮ್ಮೆ ಹತ್ತಿ ನೋಡಿ, ಲಗ್ಮಾನಿಗೆ ತೂಕವಿದೆ ಎಂಬ ಸತ್ಯ ಕಂಡುಕೊಂಡು ಇಳಿದುಬಿಟ್ಟೆ.

ಶಾಯಿರ್ ಎಜೆ ಹತ್ತಿದವರು ಹಾಗೆ ಇಳಿಯಲಿಲ್ಲ.

ಶಾಯಿರ್‌ಗುಲ್ ಅವರ ಪೂರ್ತಿ ಹೆಸರು. ನಾವೆಲ್ಲ ಎಜೆ, ಅಂದರೆ ಅಕ್ಕ, ಅನ್ನುತ್ತಿದ್ದೆವು. ನಲವತ್ತು ದಾಟಿದ ಹೆಂಗಸು, ಎತ್ತರ ಕಡಿಮೆ, ಅಗಲ ಧಾರಾಳ. ಜೇಬು ಹೊಲಿಯುವುದರಲ್ಲಿ ಅವರನ್ನು ಮೀರಿಸುವವರಿರಲಿಲ್ಲ. ನಕ್ಕರೆ ಎದುರಿನ ಮಷೀನಿನ ಮೇಲಿದ್ದ ಗುಂಡಿಗಳು ಉರುಳುತ್ತಿದ್ದವು. ನಾರಿನ್ ಕಡೆಯ ಬೆಟ್ಟದಿಂದ, ಅಪ್ಪ ಸತ್ತ ವರ್ಷ, ಚಿಕ್ಕ ತಮ್ಮನ ಕೈ ಹಿಡಿದುಕೊಂಡು ಊರಿಗೆ ಇಳಿದು ಬಂದವರು. ಅಮ್ಮ ಆಮೇಲೆ ಬಂದರು. ಗಂಡ ಅಂತ ಒಬ್ಬನಿದ್ದ. "ಮಾಸ್ಕೋಗೆ ಹೋದ, ಮೈಮರೆತ" ಅಂತ ಎರಡು ಮಾತಿನಲ್ಲಿ ಅವನ ಕತೆ ಮುಗಿಸುತ್ತಿದ್ದರು. ಮಕ್ಕಳಿರಲಿಲ್ಲ. ಇದ್ದವನು ತಮ್ಮ ಎಸೆನ್.

ಎಸೆನ್‌ನನ್ನು ಅವರು ಕುಸ್ತಿಗೆ ಹಾಕಿದ್ದರು. ಅವನು ಗೆದ್ದ ಪದಕಗಳನ್ನು ನಮಗೆಲ್ಲ ಫೋನಿನಲ್ಲಿ ತೋರಿಸಿದ್ದಾರೆ, ಎಷ್ಟು ಸಲ ಅಂದರೆ ಯಾವ ಪದಕದ ರಿಬ್ಬನ್ನಿನಲ್ಲಿ ಎಲ್ಲಿ ಕಲೆಯಿದೆ ಎಂದು ನಾನು ಹೇಳಬಲ್ಲೆ. ದೊಡ್ಡವನಾದ ಮೇಲೆ ಎಸೆನ್ ಟ್ಯಾಕ್ಸಿ ಓಡಿಸಿದ, ಸಲ್ತಾನಾತ್ ಎಂಬ ಹುಡುಗಿಯನ್ನು ಮದುವೆಯಾದ, ಒಂದು ಮಗುವಾಯಿತು. ಆಮೇಲೆ ಕಾಲು ಊದಿತು, ಮುಖ ಊದಿತು, ಆಸ್ಪತ್ರೆಗೆ ಹೋದರೆ ಎರಡು ಕಿಡ್ನಿಯೂ ಕೈಕೊಟ್ಟಿವೆ ಅಂದರು. ವಾರಕ್ಕೆ ಮೂರು ದಿನ ಡಯಾಲಿಸಿಸ್. ಬೇರೆ ಕಿಡ್ನಿ ಹಾಕಬೇಕು. ಅಮ್ಮನಿಗೆ ಸಕ್ಕರೆ ಕಾಯಿಲೆ. ಹೆಂಡತಿಯ ರಕ್ತ ಹೊಂದಲಿಲ್ಲ. ಹೊಂದಿದ್ದು ಅಕ್ಕನದು ಮಾತ್ರ.

ಎಲ್ಲ ಪರೀಕ್ಷೆ ಮಾಡಿದ ಡಾಕ್ಟರಮ್ಮ ಕೊನೆಗೆ ಶಾಯಿರ್ ಎಜೆಯನ್ನು ತೂಕದ ಮಷೀನು ಹತ್ತಿಸಿದರಂತೆ. ತೊಂಬತ್ತೊಂದು ಕೇಜಿ.

"ಈ ತೂಕದಲ್ಲಿ ನಾನು ನಿಮ್ಮ ಹೊಟ್ಟೆ ಕೊಯ್ಯಲ್ಲ. ಉಳಿಯೋ ಒಂದು ಕಿಡ್ನಿ ಇಷ್ಟು ದೊಡ್ಡ ಮೈ ಹೊರಬೇಕು. ಎಂಬತ್ತರ ಕೆಳಗೆ ಇಳಿದು ಬನ್ನಿ," ಅಂದರಂತೆ. ಇನ್ನೂ ಏನೇನೋ ಹೇಳಿದರಂತೆ. ವಾರಕ್ಕೊಂದೇ ಸಲ ತೂಗಿ, ಅದೇ ದಿನ, ಅದೇ ಹೊತ್ತು, ಬೆಳಿಗ್ಗೆ ಶೌಚ ಮುಗಿಸಿ ಚಹಾ ಕುಡಿಯುವ ಮೊದಲು, ಅದೇ ಬಟ್ಟೆಯಲ್ಲಿ. ದಿನದ ಅಂಕಿ ನೋಡಬೇಡಿ, ತಿಂಗಳಿನದು ನೋಡಿ. ಎಜೆಯ ಕಿವಿಗೆ ಬಿದ್ದದ್ದು 'ಎಂಬತ್ತು' ಒಂದೇ. ಉಳಿದದ್ದು ಆಸ್ಪತ್ರೆಯ ಬಾಗಿಲಲ್ಲೇ ಉಳಿಯಿತು.

ಅಂದು ಮಧ್ಯಾಹ್ನವೇ ನನ್ನ ಮೂಲೆಗೆ ಬಂದು ಚಪ್ಪಲಿ ಬಿಟ್ಟರು.

"ಕೆಲ್ದಿ, ನಿನ್ನ ಮಷೀನು ಸುಳ್ಳು ಹೇಳಲ್ಲ ತಾನೆ?"

"ಮೂಟೆಗಳಿಗೆ ಇದುವರೆಗೂ ಹೇಳಿಲ್ಲ, ಎಜೆ."

"ಸರಿ. ನಾನೂ ಒಂದು ಮೂಟೆ ಅನ್ಕೋ. ನೋಡಿ ಹೇಳು."

ಹೇಳಿದೆ. ಅವರು ತಲೆಯ ಬಟ್ಟೆ ಬಿಚ್ಚಿ ನನ್ನ ಕೈಗೆ ಕೊಟ್ಟು, "ಈಗ?" ಅಂದರು.

ಮೊದಲ ತಿಂಗಳು ಹಬ್ಬದ ಹಾಗಿತ್ತು. ರೊಟ್ಟಿ ಬಿಟ್ಟರು, ಸಕ್ಕರೆ ಬಿಟ್ಟರು, ಬಸ್ಸು ಬಿಟ್ಟು ನಡೆದು ಬಂದರು. ಐದು ಕೇಜಿ ಹಿಮದ ಹಾಗೆ ಕರಗಿತು. ಆಮೇಲೆ ಅಂಕಿ ನಿಂತಿತು. ನಿಂತದ್ದು ಒಂದು ಕಡೆ ನಿಲ್ಲಲೂ ಇಲ್ಲ. ಬೆಳಿಗ್ಗೆ ಬಂದ ಕೂಡಲೇ ತೂಗಿದರೆ ಒಂದು, ಚಹಾ ಕುಡಿದು ತೂಗಿದರೆ ಇನ್ನೊಂದು, ಊಟಕ್ಕೆ ಮೊದಲು ಮತ್ತೊಂದು. ಕಕ್ಕಸಿಗೆ ಹೋಗಿ ಬಂದು ಹತ್ತುತ್ತಿದ್ದರು. ಕಿವಿಯ ಓಲೆ ತೆಗೆದು ಹತ್ತುತ್ತಿದ್ದರು. ಉಸಿರು ಪೂರಾ ಹೊರಗೆ ಬಿಟ್ಟು, ಕಣ್ಣು ಮುಚ್ಚಿಕೊಂಡು ಹತ್ತುತ್ತಿದ್ದರು. ಇನ್ನೂರು ಗ್ರಾಂ ಇಳಿದರೆ ಹಾಡುತ್ತ ಹೋಗಿ ಜೇಬು ಹೊಲಿಯುತ್ತಿದ್ದರು. ಮುನ್ನೂರು ಏರಿದರೆ ಆ ದಿನದ ಜೇಬುಗಳೆಲ್ಲ ಸೊಟ್ಟ.

ದಾರ ಕತ್ತರಿಸುವ ಬೂಬೂ ಅಪಾ ನಮ್ಮಲ್ಲಿ ಎಲ್ಲರಿಗಿಂತ ಹಿರಿಯಳು. ನಾಲಿಗೆ ಅವಳ ಕತ್ತರಿಗಿಂತ ಚುರುಕು.

"ಏ ಹುಡುಗಿ, ಇಳಿಯೇ! ನಿನ್ನ ಹತ್ತಿಸ್ಕೊಂಡು ಇಳಿಸ್ಕೊಂಡು ಆ ಮಷೀನೇ ಸಣ್ಣಗಾಗಿದೆ, ನೀನಾಗಿಲ್ಲ."

"ಸುಮ್ನಿರಿ ಅಪಾ. ಈಗಷ್ಟೇ ಸ್ವಲ್ಪ ಇಳೀತು."

"ಇಳೀದೆ ಏನು? ಬೆಳಿಗ್ಗೆಯಿಂದ ಬೆವರು, ಉಚ್ಚೆ, ಕಣ್ಣೀರು. ಮೂರೂ ನೀರೇ ಕಣೇ. ಸಾಯಂಕಾಲ ಕುಡಿದ್ರೆ ವಾಪಸ್ ಬರತ್ತೆ."

ಒಮ್ಮೆ ಒಂದು ದಿನವಿಡೀ ಕುರುತ್ ಮಾತ್ರ ತಿಂದರು. ಒಣಗಿಸಿದ ಉಪ್ಪು ಮೊಸರಿನ ಆ ಉಂಡೆಗಳು ಅಂಗೈಯಲ್ಲಿ ಹತ್ತಿಯ ಹಾಗೆ ಹಗುರ. ಹಗುರವಾದದ್ದು ತಿಂದರೆ ಹಗುರವಾಗುತ್ತೇನೆ ಎಂಬುದು ಅವರ ಲೆಕ್ಕ. ನನ್ನ ತಲೆಗೂ ಸರಿಯಾಗಿಯೇ ಕಂಡಿತ್ತು. ಆದರೆ ಉಪ್ಪು ನೀರನ್ನು ಹಿಡಿದು ಕೂರಿಸಿಕೊಂಡಿತು. ಮರುದಿನ ಒಂದು ಕೇಜಿ ಜಾಸ್ತಿ. ಎಜೆ ಮಷೀನಿಗೆ ಒದ್ದರು. ನೋವಾದದ್ದು ಅವರದೇ ಕಾಲಿಗೆ.

ಕುರುತ್ ಹಾಗಿರಲಿ, ನಿಜವಾದ ಕಷ್ಟ ಬಂದದ್ದು ನೆಂಟರಿಂದ.

ನಮ್ಮಲ್ಲಿ ಒಬ್ಬ ಹಾಸಿಗೆ ಹಿಡಿದರೆ ಬಳಗವೆಲ್ಲ ವಿಚಾರಿಸಲು ಬರುತ್ತದೆ. ಬಾರದಿದ್ದರೆ ಅದು ಮರೆಯಲಾಗದ ಅವಮಾನ. ಬಂದವರಿಗೆ ಹಾಸು ಹರಡಬೇಕು. ರೊಟ್ಟಿ, ಬೆಣ್ಣೆ, ಜಾಮು, ಹಿಟ್ಟಿನುಂಡೆ ಕರಿದ ಬೋರ್ಸೋಕ್ ಗುಡ್ಡೆ, ಮಾಂಸ. ಮನೆಯವರು ಜೊತೆಗೆ ಕೂತು ತಿನ್ನಬೇಕು. ಮನೆಯವರು ತಿನ್ನದೆ ಕೂತರೆ, ಎದ್ದು ಹೋಗಿ ಅಂದ ಹಾಗೆ. ಎಸೆನ್‌ನ ಬಳಗವೋ ಬೆಟ್ಟದ ಆಚೆ ಈಚೆ ತುಂಬಿಕೊಂಡಿದೆ. ಈ ವಾರ ಸೋದರಮಾವ, ಮುಂದಿನ ವಾರ ಚಿಕ್ಕಪ್ಪನ ಬೀಗರು. ನಾನೂ ಒಂದು ಭಾನುವಾರ ವಿಚಾರಿಸಲು ಹೋಗಿದ್ದೆ. ವಿಚಾರಿಸಿದ್ದು ಸ್ವಲ್ಪ, ತಿಂದದ್ದು ಬಹಳ.

ಅಂದು ನೋಡಿದೆ. ಎಜೆ ರೊಟ್ಟಿಯ ಒಂದು ಚೂರನ್ನು ಬೆರಳಿನಲ್ಲಿ ಉರುಳಿಸುತ್ತ ಕೂತಿದ್ದರು. ನಾರಿನ್‌ನಿಂದ ಬಂದ ಅತ್ತೆಯೊಬ್ಬಳು ಅವರ ತಟ್ಟೆಯನ್ನೇ ನೋಡುತ್ತಿದ್ದಳು.

"ಯಾಕಮ್ಮ ಶಾಯಿರ್, ನಮ್ಮ ಜೊತೆ ತಿನ್ನೋಕೆ ಮನಸ್ಸಿಲ್ವಾ?"

"ಹಾಗಲ್ಲ ಅತ್ತೆ, ಈಗಷ್ಟೇ ತಿಂದೆ."

"ಬೆಳಿಗ್ಗೆಯಿಂದ ನೋಡ್ತಿದೀನಿ, ಬಾಯಿಗೆ ಏನೂ ಹೋಗಿಲ್ಲ." ಅತ್ತೆಯ ದನಿ ತಗ್ಗಿತು. "ನಿಜ ಹೇಳು, ಡಾಕ್ಟ್ರು ಹುಡುಗನ ಬಗ್ಗೆ ಏನಾದ್ರೂ ಅಂದ್ರಾ? ಅದಕ್ಕೇ ನಿಂಗೆ ಅನ್ನ ಇಳೀತಿಲ್ವಾ?"

ಮೂಲೆಯಲ್ಲಿ ಕೂತಿದ್ದ ಅಮ್ಮ ಚಹಾದ ಬಟ್ಟಲು ಕೆಳಗಿಟ್ಟು ಮಗಳ ಮುಖ ನೋಡಿದರು. ಅಮ್ಮನಿಗೆ ಎಜೆ ಕಿಡ್ನಿ ಕೊಡುವ ವಿಷಯ ಹೇಳಿರಲಿಲ್ಲ. ಇರುವ ಇಬ್ಬರು ಮಕ್ಕಳನ್ನೂ ಒಂದೇ ದಿನ ಕೊಯ್ಯುತ್ತಾರೆಂದು ಆ ಮುದುಕಿಗೆ ಹೇಳುವ ಧೈರ್ಯ ಯಾರಿಗೂ ಇರಲಿಲ್ಲ. ಎಜೆ ನಕ್ಕರು. ತಟ್ಟೆಗೆ ಕೈ ಹಾಕಿ ಕುರಿಯ ಬಾಲದ ಕೊಬ್ಬಿನ ದೊಡ್ಡ ತುಂಡೊಂದನ್ನು ಎತ್ತಿ ಬಾಯಿಗೆ ಹಾಕಿಕೊಂಡರು. ಆಮೇಲೆ ಇನ್ನೊಂದು. ಅಮ್ಮ ಬಟ್ಟಲು ಎತ್ತಿಕೊಂಡು ಚಹಾ ಕುಡಿದರು.

ಮರುದಿನ ಬೆಳಿಗ್ಗೆ ನಾನು ಬೀಗ ತೆಗೆಯುವ ಮುಂಚೆಯೇ ಎಜೆ ಬಾಗಿಲಲ್ಲಿ ನಿಂತಿದ್ದರು. ಮಷೀನು ಹತ್ತಿದರು. ಎರಡು ಕೇಜಿ ಹೆಚ್ಚು. ಮತ್ತೆ ಹತ್ತಿದರು. ಅಷ್ಟೇ. ನಾನು ಕಟ್ಟಿಟ್ಟಿದ್ದ ಮೂಟೆಯ ಮೇಲೆ ಕುಸಿದು ಕೂತರು.

"ಅವನ ಕಿಡ್ನಿ ನಾನೇ ತಿಂದುಬಿಟ್ಟೆ ಕಣೋ," ಅಂದರು.

ನನಗೆ ಸಮಾಧಾನ ಹೇಳಲು ಬರುವುದಿಲ್ಲ. "ಎಜೆ, ಆ ಮೂಟೆ ಲೆಕ್ಕ ಆಗಿದೆ, ಕಣ್ಣೀರು ಬಿದ್ರೆ ತೂಕ ಹೆಚ್ಚಾಗತ್ತೆ," ಅಂದೆ. ಎಂಥ ಮಾತು! ಆದರೆ ಅವರು ಅಳುತ್ತಲೇ ಕೈಯಲ್ಲಿದ್ದ ಚಪ್ಪಲಿ ನನ್ನತ್ತ ಎಸೆದರು. ಅಷ್ಟರಮಟ್ಟಿಗೆ ನಾನು ಉಪಯೋಗಕ್ಕೆ ಬಂದೆ.

ಚಳಿಗಾಲ ಹೀಗೆ ಕಳೆಯಿತು. ಎಸೆನ್ ಕೃಶನಾದ, ಕಪ್ಪಾದ. ಕೈಯಲ್ಲಿ ಸೂಜಿ ಚುಚ್ಚುವ ನಾಳ ಎರಡು ಸಲ ಕಟ್ಟಿಕೊಂಡಿತು. ಕುತ್ತಿಗೆಯಲ್ಲಿ ತೂತು ಮಾಡಿ ಡಯಾಲಿಸಿಸ್ ನಳಿಕೆ ಹಾಕಿದರು. ಹಿಮ ಕೆಸರಾಗುವ ಹೊತ್ತಿಗೆ ಎಜೆಯ ತೂಕ ಎಂಬತ್ತೆರಡರ ಹತ್ತಿರ ಬಂದಿತ್ತು. ಡಾಕ್ಟರಮ್ಮ ಮರುಪರೀಕ್ಷೆಗೆ ಕೊಟ್ಟ ದಿನಕ್ಕೆ ಒಂದೇ ವಾರ ಉಳಿದಿತ್ತು. ಒಂದು ವಾರದಲ್ಲಿ ಎರಡು ಕೇಜಿಗಿಂತ ಹೆಚ್ಚು. ಆಗುವ ಮಾತಲ್ಲ ಅಂತ ಯಾರಾದರೂ ಹೇಳಬಹುದಿತ್ತು. ಎಜೆ ಯಾರನ್ನೂ ಕೇಳಲಿಲ್ಲ. ಅವರಿಗೆ ಗೊತ್ತಿದ್ದ ದಾರಿಯೊಂದಿತ್ತು.

ಕುಸ್ತಿಯವರ ಮನೆಯವರಿಗೆಲ್ಲ ಗೊತ್ತಿರುವ ದಾರಿ ಅದು. ಪಂದ್ಯದ ಹಿಂದಿನ ದಿನ ಹುಡುಗರನ್ನು ತೂಗುತ್ತಾರೆ. ತೂಗುವ ಗಳಿಗೆಯಲ್ಲಿ ಹಗುರವಿದ್ದರೆ ಆಯಿತು, ಆಮೇಲೆ ಕುದುರೆ ತಿಂದರೂ ಕೇಳುವವರಿಲ್ಲ. ಎಸೆನ್ ಹುಡುಗನಾಗಿದ್ದಾಗ ಅವನನ್ನು ರಜಾಯಿಯಲ್ಲಿ ಸುತ್ತಿ ಒಲೆಯ ಪಕ್ಕ ಕೂರಿಸಿದವರು ಇದೇ ಎಜೆ. ನೀರು ಕೊಡದೆ, ಬಟ್ಟಲು ಕೈಗೆ ಕೊಟ್ಟು "ಉಗುಳು, ಇನ್ನೂ ಉಗುಳು" ಅಂದವರು ಇದೇ ಎಜೆ. ಹಾಗೆ ತೂಗಿಸಿಕೊಂಡ ಹುಡುಗ ಗೆದ್ದು ಬಂದಿದ್ದ. ಗೆದ್ದದ್ದನ್ನು ಯಾರು ಮರೆಯುತ್ತಾರೆ?

ನನ್ನಿಂದ ಮೂಟೆಗೆ ಸುತ್ತುವ ಪ್ಲಾಸ್ಟಿಕ್ ಹಾಳೆ ಒಂದಷ್ಟು ಇಸಿದುಕೊಂಡರು. ಕೆಲಸ ಬಿಟ್ಟ ಮೇಲೆ ಪೇಟೆಯ ಹಬೆಸ್ನಾನದ ಮನೆಗೆ ಹೋಗಿ, ಅದನ್ನು ಮೈಗೆ ಸುತ್ತಿಕೊಂಡು ಬಿಸಿ ಹಬೆಯಲ್ಲಿ ಕೂತರು. ಕೊನೆಯ ಎರಡು ದಿನ ಒಂದು ಗುಟುಕು ನೀರು ಕುಡಿಯಲಿಲ್ಲ. ಜೇಬು ಹೊಲಿಯುತ್ತ ಪಕ್ಕದ ಬಟ್ಟಲಿಗೆ ಉಗುಳುತ್ತಿದ್ದರು. ತುಟಿ ಬಿರಿದು ಕೆನ್ನೆ ಒಳಗೆ ಹೋಗಿ, ಕಣ್ಣು ಮಾತ್ರ ಹೊಳೆಯುತ್ತಿದ್ದವು.

ಆಸ್ಪತ್ರೆಗೆ ಹೋಗುವ ಹಿಂದಿನ ಸಂಜೆ ಮಷೀನು ಹತ್ತಿದರು. ಎಪ್ಪತ್ತೊಂಬತ್ತೂ ಚಿಲ್ಲರೆ.

"ಸೂಯುಂಚು!" ಅಂತ ಎಜೆ ಕಿರುಚಿದರು. ಒಳ್ಳೆಯ ಸುದ್ದಿ ತಂದವರು ನಮ್ಮಲ್ಲಿ ಹಾಗೆ ಕೂಗುತ್ತಾರೆ. ಕೇಳಿದವರು ಏನಾದರೂ ಉಡುಗೊರೆ ಕೊಡಲೇಬೇಕು. ಮಷೀನುಗಳೆಲ್ಲ ನಿಂತವು. ಚಪ್ಪಾಳೆ, ಕೇಕೆ. ತುರ್ದು ಬಾಯ್ಕೆ ಅಂಗಡಿಗೆ ಕಳಿಸಲು ಇಟ್ಟಿದ್ದ ಹೂವಿನ ತಲೆಬಟ್ಟೆಯೊಂದನ್ನು ತಂದು ಅವರ ಹೆಗಲಿಗೆ ಹಾಕಿದರು. ಎಜೆ ಅದನ್ನು ಹೊದ್ದು ಕುಣಿಯಲು ಹೋಗಿ ತಲೆ ತಿರುಗಿ ನನ್ನ ಮೇಲೆ ಬಿದ್ದರು. ಮೆತ್ತಗಿನ ಜಾಗದಲ್ಲೇ ಬಿದ್ದರು, ಪೆಟ್ಟಾಗಲಿಲ್ಲ.

ಮರುದಿನ ಬಾಯ್ಕೆಯ ವ್ಯಾನಿನಲ್ಲಿ ಅವರನ್ನು ಆಸ್ಪತ್ರೆಗೆ ಕರೆದುಕೊಂಡು ಹೋದವನು ನಾನು. ತೂಕ ಸರಿಹೋಯಿತು. ರಕ್ತ ತೆಗೆದರು. ನಾವು ಹೊರಗೆ ಬೆಂಚಿನ ಮೇಲೆ ಕಾದೆವು. ಎಜೆ ಹೂವಿನ ತಲೆಬಟ್ಟೆ ಕಟ್ಟಿಕೊಂಡು, ಮದುವೆಗೆ ಬಂದವರ ಹಾಗೆ ನೆಟ್ಟಗೆ ಕೂತಿದ್ದರು.

ಡಾಕ್ಟರಮ್ಮ ಕರೆದಾಗ ನಾನೂ ಒಳಗೆ ಹೋದೆ. ಅವರು ಕೂರಿ ಅನ್ನಲಿಲ್ಲ.

"ನೀರು ಕುಡಿದು ಎಷ್ಟು ಹೊತ್ತಾಯ್ತು?"

ಎಜೆ ನೆಲ ನೋಡಿದರು.

"ನಾನು ನಿಮ್ಮನ್ನ ಕುಸ್ತಿಗೆ ಕರೆದಿದ್ನಾ? ಈ ರಕ್ತ ನೋಡಿ. ಇದು ಕಿಡ್ನಿ ಕೊಡೋರ ರಕ್ತ ಅಲ್ಲ, ಕಿಡ್ನಿ ಬೇಕಾದೋರ ರಕ್ತ!"

"ಡಾಕ್ಟ್ರೇ, ಎಂಬತ್ತರ ಕೆಳಗಿದೀನಿ..."

"ಕೆಳಗಿರೋದು ನೀವಲ್ಲ ಅಮ್ಮ, ನಿಮ್ಮ ನೀರು. ಇದು ಒಣಗಿಸ್ಕೊಂಡಿದ್ದಕ್ಕೆ ಆದದ್ದೋ, ನಿಮ್ಮ ಕಿಡ್ನಿಗೇ ಏನೋ ಆಗಿರೋದೋ, ನಂಗೆ ಹ್ಯಾಗೆ ಗೊತ್ತಾಗ್ಬೇಕು? ಈ ಕಾಗದ ಇಟ್ಕೊಂಡು ನಾನು ಯಾರ ಮುಂದೆ ಹೋಗ್ಲಿ?" ಆಮೇಲೆ ದನಿ ಇಳಿಯಿತು. "ಒಂದೂವರೆ ತಿಂಗಳು ಬಿಟ್ಟು ಬನ್ನಿ. ತಿನ್ನಿ, ಕುಡೀರಿ, ನಡೀರಿ. ವಾರಕ್ಕೊಂದೇ ಸಲ ತೂಗಿ. ಮೊದಲೇ ಹೇಳಿದ್ದೆ."

"ನನ್ನ ತಮ್ಮನ ಹತ್ರ ಒಂದೂವರೆ ತಿಂಗಳು ಇದೆಯಾ?" ಅಂದರು ಎಜೆ.

ಡಾಕ್ಟರಮ್ಮ ನೀರಿನ ಲೋಟ ಮುಂದೆ ತಳ್ಳಿದರು. ಎಜೆ ಮುಟ್ಟಲಿಲ್ಲ.

ವ್ಯಾನಿನಲ್ಲಿ ಬರುವಾಗ ಅವರು ಹೂವಿನ ತಲೆಬಟ್ಟೆ ಬಿಚ್ಚಿ ಮಡಿಚಿ ಮಡಿಚಿ ಕೈಯಳತೆಯ ಗಂಟು ಮಾಡಿ ಸೀಟಿನ ಕೆಳಗೆ ತುರುಕಿದರು. ಸುಳ್ಳು ಸುದ್ದಿಗೆ ಸಿಕ್ಕ ಉಡುಗೊರೆ. ನಾನು ಏನೋ ತಮಾಷೆ ಹುಡುಕಿದೆ. ಸಿಗಲಿಲ್ಲ.

ಮನೆಯಲ್ಲಿ ಎಸೆನ್ ಕಿಟಕಿಯ ಪಕ್ಕ ದಿಂಬಿಗೆ ಒರಗಿ ಕೂತಿದ್ದ. ಮೊದಲು ಎರಡು ಬಾಗಿಲ ಅಗಲವಿದ್ದ ಆಳು ಈಗ ಪರದೆಯ ಹಾಗೆ ತೆಳ್ಳಗಾಗಿದ್ದ. ಸಲ್ತಾನಾತ್ ನಮಗೆ ಚಹಾ ತಂದಿಟ್ಟಳು. ನಾನು ಕುಡಿದೆ. ಎಜೆಯ ಬಟ್ಟಲು ಹಾಗೇ ಆರುತ್ತಿತ್ತು. ಆಸ್ಪತ್ರೆಯಲ್ಲಿ ಆದದ್ದನ್ನು ಅವರು ಒಂದೇ ಉಸಿರಿನಲ್ಲಿ ಹೇಳಿದರು, "ಇವತ್ತಿಂದ ಮತ್ತೆ ಶುರು ಮಾಡ್ತೀನಿ, ಏನೂ ತಿನ್ನಲ್ಲ" ಅಂದರು.

ಎಸೆನ್ ಆ ಬಟ್ಟಲನ್ನು ಬೆರಳಿನಿಂದ ತೋರಿಸಿದ.

"ಎಜೆ, ನಂಗೆ ದಿನಕ್ಕೆ ಇಂಥದ್ದು ಎರಡು ಬಟ್ಲು ನೀರು. ಮಾತ್ರೆ ನುಂಗೋಕೂ ಅದರಲ್ಲೇ. ಡಯಾಲಿಸಿಸ್‌ಗೆ ಹೋದಾಗಲೆಲ್ಲ ನನ್ನನ್ನೂ ತೂಗ್ತಾರೆ. ಹೆಚ್ಚು ಕುಡಿದಿದ್ರೆ ಗೊತ್ತಾಗ್ಬಿಡತ್ತೆ, ಬೈತಾರೆ. ಕನಸಲ್ಲೂ ನಾನು ನಾರಿನ್ ಹೊಳೇಲಿ ಬಾಯಿಟ್ಟು ಕುಡೀತಿರ್ತೀನಿ."

"ಗೊತ್ತು ಕಣೋ."

"ನಿಂಗೇನೂ ಗೊತ್ತಿಲ್ಲ. ನಿನ್ನ ಮುಂದೆ ಕೆಟಲ್ ತುಂಬಾ ಇದೆ. ನೀನು ಮುಟ್ಟಲ್ಲ. ನಿನ್ನ ನೋಡಿದ್ರೆ ನಂಗೆ ಹೊಟ್ಟೆ ಉರಿಯತ್ತೆ." ಅವನು ಉಸಿರು ತೆಗೆದುಕೊಂಡ. "ಒಣಗಿದ ಕಿಡ್ನಿ ನಂಗೆ ಬೇಡ, ಎಜೆ. ಅಂಥವು ಆಗ್ಲೇ ಎರಡಿವೆ ನನ್ ಹತ್ರ."

ಸಲ್ತಾನಾತ್ ಮುಖ ತಿರುಗಿಸಿದಳು. ಎಜೆ ಬಟ್ಟಲು ಎತ್ತಿಕೊಂಡರು. ತಮ್ಮ ನೋಡುತ್ತಿದ್ದ ಹಾಗೆ, ಆರಿದ ಚಹಾವನ್ನು ಕೊನೆಯ ಹನಿಯವರೆಗೆ ಕುಡಿದರು.

ಮರುದಿನ ನನ್ನ ಮೂಲೆಗೆ ಬಂದು, "ಕೆಲ್ದಿ, ಈ ಮಷೀನನ್ನ ಕಟ್ಟಿಹಾಕು," ಅಂದರು.

"ಅಂದ್ರೆ?"

"ಕಣ್ಣಿಗೆ ಬಿದ್ರೆ ಹತ್ತಿಬಿಡ್ತೀನಿ. ನನ್ನ ನಾನು ನಂಬಲ್ಲ. ನೀನು ಮೂಟೆ ಹೊಲಿಯೋನಲ್ವಾ, ಇದನ್ನೂ ಹೊಲಿದು ಇಡು. ಗುರುವಾರ ಮಾತ್ರ ಬಿಚ್ಚು."

ತೂಕದ ಮಷೀನಿಗೆ ಗೋಣಿ ತೊಡಿಸಿ ದಬ್ಬಳದಿಂದ ಹೊಲಿದವನು ಈ ದೇಶದಲ್ಲಿ ನಾನೊಬ್ಬನೇ ಇರಬೇಕು. ಗುರುವಾರ ಬೆಳಿಗ್ಗೆ ಲಾರಿ ಬರುವ ಮೊದಲು ಬಿಚ್ಚುತ್ತಿದ್ದೆ. ಎಜೆ ಮನೆಯಲ್ಲಿ ಏನೂ ಮುಟ್ಟದೆ ಬಂದು, ಅದೇ ನೀಲಿ ನಿಲುವಂಗಿ ತೊಟ್ಟು ಹತ್ತುತ್ತಿದ್ದರು. ನಾನು ಅಂಕಿಯನ್ನು ಗೋಡೆಯ ಮೇಲೆ, ಮಾಸ್ಕೋಗೆ ಹೋಗುವ ಮೂಟೆಗಳ ಲೆಕ್ಕದ ಕೆಳಗೆ, ಬರೆಯುತ್ತಿದ್ದೆ. ಆಮೇಲೆ ಅವರು ಚಹಾ ಕುಡಿದು, ಒಂದು ಮೊಟ್ಟೆ ತಿಂದು, ಕೆಲಸಕ್ಕೆ ಕೂರುತ್ತಿದ್ದರು. ಮೂಟೆಗಳು ತೂಗಿ ಮುಗಿದ ಮೇಲೆ ಮಷೀನು ಮತ್ತೆ ಗೋಣಿಯೊಳಗೆ.

ಮೊದಲ ಗುರುವಾರ ಅಂಕಿ ನೋಡಿ ಎದೆ ಒಡೆಯಿತು. ನೀರು ಮೈಗೆ ವಾಪಸ್ಸು ಬಂದಿತ್ತಲ್ಲ, ಎಂಬತ್ತೆರಡೂವರೆ. ಎರಡನೆಯ ವಾರ ಸ್ವಲ್ಪ ಇಳಿಯಿತು. ಮೂರನೆಯ ವಾರ ಅಲುಗಲಿಲ್ಲ. ಅದಾದ ಮೇಲೆ, ಮುಂದಿನ ಗುರುವಾರಕ್ಕೆ ಮೊದಲು ಒಂದು ದಿನ ನೋಡುತ್ತೇನೆ, ಗೋಣಿಯ ಒಂದು ಬದಿಯ ಹೊಲಿಗೆ ನನ್ನದಲ್ಲ. ಹುರಿ ಅದೇ, ದಬ್ಬಳ ಅದೇ, ಆದರೆ ಹೊಲಿಗೆ ಗೀಟು ಎಳೆದ ಹಾಗೆ ನೇರ.

"ಎಜೆ, ಯಾರೋ ಕಳ್ಳರು ಬಂದಿದ್ರು. ಕದ್ದಿಲ್ಲ, ಹೊಲಿಗೆ ರಿಪೇರಿ ಮಾಡಿ ಹೋಗಿದಾರೆ," ಅಂದೆ.

ಎಜೆ ತಲೆ ಎತ್ತಲಿಲ್ಲ. "ಏರಿತ್ತು," ಅಂದರು ಮೆಲ್ಲಗೆ. "ಎಂಟ್ನೂರು ಗ್ರಾಂ. ರಾತ್ರಿಯೆಲ್ಲ ಸತ್ತು ಹುಟ್ಟಿದೆ." ಗುರುವಾರ ಹತ್ತಿದಾಗ ಆ ಎಂಟುನೂರು ಗ್ರಾಂ ಎಲ್ಲಿಗೆ ಹೋಗಿತ್ತೋ, ಹಿಂದಿನ ಗುರುವಾರಕ್ಕಿಂತ ಕಡಿಮೆಯೇ ಬಂತು. ಅಂದಿನಿಂದ ಗೋಣಿಯ ಹೊಲಿಗೆ ಸೊಟ್ಟವಾಗಿಯೇ ಉಳಿಯಿತು.

ನೆಂಟರ ಗಂಟನ್ನು ಬಿಡಿಸಿದವನು ಎಸೆನ್. ಮತ್ತೊಂದು ತಂಡ ಬಂದು ಹಾಸಿನ ಸುತ್ತ ಕೂತಿದ್ದಾಗ, ನಾನೂ ನನ್ನ ಜಾಗದಲ್ಲಿ ಕೂತಿದ್ದಾಗ, ಅವನು ದಿಂಬಿನಿಂದಲೇ ಹೇಳಿಬಿಟ್ಟ: "ಎಜೆಗೆ ಒತ್ತಾಯ ಮಾಡ್ಬೇಡಿ. ಅವಳು ನಂಗೆ ಕಿಡ್ನಿ ಕೊಡ್ತಿದಾಳೆ. ಅದಕ್ಕೆ ತೂಕ ಇಳಿಸ್ತಿದಾಳೆ."

ಎಲ್ಲರೂ ಅಮ್ಮನ ಕಡೆ ನೋಡಿದರು. ಮುದುಕಿ ಕೂಗಲಿಲ್ಲ, ಎದೆ ಬಡಿದುಕೊಳ್ಳಲಿಲ್ಲ. ಕೂತಲ್ಲಿಂದ ತೆವಳಿ ಬಂದು ಮಗಳ ತಟ್ಟೆಯಲ್ಲಿದ್ದ ಕೊಬ್ಬಿನ ತುಂಡನ್ನು ತೆಗೆದು ನನ್ನ ತಟ್ಟೆಗೆ ಹಾಕಿದರು. ಮಗಳ ತಲೆಯನ್ನು ಎದೆಗೆ ಒತ್ತಿ ಹಿಡಿದು ಹಾಗೇ ಕೂತರು. ಆ ತುಂಡನ್ನು ಗಂಟಲಿನಿಂದ ಇಳಿಸುವುದು ನನಗೂ ಸುಲಭವಾಗಲಿಲ್ಲ. ಇಳಿಸಿದೆ, ಅದು ಬೇರೆ ಮಾತು.

ಏಪ್ರಿಲ್‌ನಲ್ಲಿ ಎಸೆನ್‌ಗೆ ಜ್ವರ ಬಂತು. ಕುತ್ತಿಗೆಯ ತೂತಿನಿಂದ ಸೋಂಕು. ಅವನು ಬದುಕುವುದೇ ಅನುಮಾನ ಎನ್ನುವ ಹಾಗೆ ಕೆಲವು ದಿನ ಕಳೆದವು. ಎಜೆ ಆಗಲೂ ಗುರುವಾರ ಬಂದು ಹತ್ತಿದರು. "ಅವನು ಉಳಿದ್ರೆ ನಾನು ತಯಾರಿರ್ಬೇಕಲ್ಲ," ಅಂದರು. ಜ್ವರ ಬಿಟ್ಟಿತು. ಡಾಕ್ಟರಮ್ಮ ಹೇಳಿ ಕಳಿಸಿದರು: ಅವನ ಮೈಯಲ್ಲಿ ಈಗ ಕೊಂಚ ಕಸುವಿದೆ, ಇನ್ನೊಂದು ಸೋಂಕು ಬಂದರೆ ತಡೆಯುವುದಿಲ್ಲ, ಈ ಗುರುವಾರ ಅಕ್ಕನ ಕೊನೆಯ ಪರೀಕ್ಷೆ.

ಆ ಗುರುವಾರ ಯಾರೂ ಮಷೀನಿಗೆ ಕೂರಲಿಲ್ಲ. ಎಲ್ಲರೂ ನನ್ನ ಮೂಲೆಯಲ್ಲಿ. ಗೋಣಿ ಬಿಚ್ಚಿದೆ. ಎಜೆ ಚಪ್ಪಲಿ ಬಿಟ್ಟು ಹತ್ತಿದರು. ಎಂಬತ್ತೂ ಮುನ್ನೂರು ಗ್ರಾಂ.

ಬೂಬೂ ಅಪಾ, "ಶೌಚಕ್ಕೆ ಹೋಗಿದ್ಯಾ?" ಅಂದಳು.

"ಹೋಗಿದ್ದೆ."

"ಹೊರಡೋಕೆ ಇನ್ನೂ ಹೊತ್ತಿದೆ," ಅಂದ ಇಸ್ತ್ರಿ ಹುಡುಗ. ಅವನ ಕಣ್ಣು ಇಸ್ತ್ರಿ ಕೋಣೆಯ ಕಡೆ ಹೋಯಿತು. ಅಲ್ಲಿ ಹಬೆ ದಟ್ಟವಾಗಿ ಏಳುತ್ತಿತ್ತು. ಎಲ್ಲರ ಕಣ್ಣೂ ಹೋಯಿತು. ಮುನ್ನೂರು ಗ್ರಾಂ ಆ ಹಬೆಯಲ್ಲಿ ಎಷ್ಟು ಹೊತ್ತಿನ ಮಾತು?

ಎಜೆಯೂ ನೋಡಿದರು.

"ಕೆಲ್ದಿ," ಅಂದರು, "ನೀರು ಕೊಡು."

ಕೊಟ್ಟೆ. ಮಷೀನಿನಿಂದ ಇಳಿಯದೆ, ಅಲ್ಲೇ ನಿಂತು ಕುಡಿದರು. ಅವರು ಗುಟುಕು ಇಳಿಸುತ್ತಿದ್ದ ಹಾಗೆ ಬಟ್ಟಲಿನ ನೀರು ಮೈಗೆ ಸೇರಿತು, ಅಷ್ಟೇ. ಬಟ್ಟಲು ಕೈಗೆ ತೆಗೆದುಕೊಂಡಾಗಲೇ ಕೆಂಪು ಅಂಕಿ ಏರಿ ಕೂತಿತ್ತು. "ಇನ್ನೊಂದು," ಅಂದರು. ಅದನ್ನೂ ಕುಡಿದರು. ಎಂಬತ್ತೂ ಎಂಟುನೂರು. ಬಾಯಿ ಒರೆಸಿಕೊಂಡು ಇಳಿದು ಚಪ್ಪಲಿ ಮೆಟ್ಟಿ, "ನಡಿ," ಅಂದರು. ದಾರಿಯುದ್ದಕ್ಕೂ ಅವರ ಹಲ್ಲು ಕಟಕಟ ಅನ್ನುತ್ತಿದ್ದುದು ನನಗೆ ಕೇಳಿಸುತ್ತಿತ್ತು.

ಡಾಕ್ಟರಮ್ಮ ತೂಕ ನೋಡಿದರು. ರಕ್ತದ ಕಾಗದ ಬಂದಾಗ ಅದನ್ನು ನೋಡಿದರು, ಇನ್ನೊಮ್ಮೆ ನೋಡಿದರು. ನಾನು ಗೋಡೆಯ ಫೋಟೋ ತೆಗೆದುಕೊಂಡಿದ್ದೆ. ಫೋನು ಮುಂದೆ ಹಿಡಿದೆ.

"ಇದೇನಿದು? ನೂರು ಕೇಜಿ, ನೂರಾ ಹತ್ತು ಕೇಜಿ?"

"ಅವು ಪ್ಯಾಂಟು, ಡಾಕ್ಟ್ರೇ. ಎಜೆ ಕೆಳಗಡೆ ಇದಾರೆ."

ಅವರ ಬೆರಳು ಕೆಳಗಿನ ಅಂಕಿಗಳ ಮೇಲೆ ವಾರದಿಂದ ವಾರಕ್ಕೆ ಜಾರಿತು. "ಒಂದು ವಾರ ನಿಂತಿದೆ, ಆದ್ರೂ ಇಳಿದಿದೆ. ನೀರು ಕುಡಿದೇ ಇಳಿದಿದೆ." ಎಜೆಯ ಮುಖ ನೋಡಿದರು. "ನಂಗೆ ಬೇಕಾಗಿದ್ದು ಇದು. ಇಷ್ಟು ಹೆಚ್ಚು ಕಮ್ಮಿ ಒಂದು ಬಟ್ಲು ಚಹಾಕ್ಕೂ ಆಗತ್ತೆ. ಅದಕ್ಕೆ ನಾನು ಕತ್ತಿ ಕೆಳಗಿಡಲ್ಲ. ರಕ್ತ ಚೆನ್ನಾಗಿದೆ. ಬರೋ ವಾರ ಇಬ್ರೂ ಬಂದು ಸೇರ್ಕೊಳ್ಳಿ."

ಎಜೆ ಅಲ್ಲೇ ಗೋಡೆಗೆ ಒರಗಿ ಜಾರಿ ನೆಲದ ಮೇಲೆ ಕೂತುಬಿಟ್ಟರು.

ಆಪರೇಷನ್ ದಿನ ನಾವು ಯಾರೂ ಕೆಲಸ ಮಾಡಿದೆವೆಂದು ಹೇಳಲಾರೆ. ಇಬ್ಬರನ್ನೂ ಬೆಳಿಗ್ಗೆಯೇ ಒಳಗೆ ತೆಗೆದುಕೊಂಡು ಹೋಗಿದ್ದರು. ನಾನು ಒಂದೇ ಮೂಟೆಯನ್ನು ಹೊಲಿದು ಬಿಚ್ಚಿ ಹೊಲಿಯುತ್ತಿದ್ದೆ. ಮಧ್ಯಾಹ್ನ ಲಗ್ಮಾನ್ ತಂದಿಟ್ಟರು, ನಾನು ಮುಟ್ಟಲಿಲ್ಲ. ಬೂಬೂ ಅಪಾ ನನ್ನ ಹಣೆ ಮುಟ್ಟಿ ನೋಡಿದಳು.

ಫೋನು ಬಂದದ್ದು ಸಂಜೆಯ ಬಿಸಿಲು ಕಿಟಕಿಯಿಂದ ಇಳಿಯುತ್ತಿದ್ದಾಗ. ಸಲ್ತಾನಾತ್. ಅಳುತ್ತಿದ್ದಳು.

"ಸೂಯುಂಚು, ಕೆಲ್ದಿ!"

ಆ ಮಾತನ್ನು ಒಮ್ಮೆ ನಂಬಿ ಕೆಟ್ಟಿದ್ದೆವು. "ಮೊದಲು ಸುದ್ದಿ ಹೇಳು," ಅಂದೆ.

"ಉಚ್ಚೆ! ಉಚ್ಚೆ ಬಂತು! ಚೀಲ ತುಂಬ್ತಿದೆ, ನರ್ಸು ಆಗ್ಲೇ ಒಂದ್ಸಲ ಖಾಲಿ ಮಾಡಿದ್ಲು!"

ನಾನು ತಿರುಗಿ ನಿಂತು, ಐವತ್ತು ಹೆಂಗಸರ ಎದುರಿಗೆ, ನನ್ನ ಜನ್ಮದಲ್ಲೇ ಕೂಗಿರದಷ್ಟು ಜೋರಾಗಿ ಕೂಗಿದೆ: "ಎಸೆನ್ ಉಚ್ಚೆ ಹೊಯ್ದ!" ಮಷೀನುಗಳು ನಿಂತವು. ಯಾರೋ ಕತ್ತರಿ ಬೀಳಿಸಿದರು. ತುರ್ದು ಬಾಯ್ಕೆ ಟೋಪಿ ತೆಗೆದು ಮುಖಕ್ಕೆ ಒತ್ತಿಕೊಂಡರು. ಬೂಬೂ ಅಪಾ ನೆಲದ ಮೇಲೆ ಕೂತು, "ಹೊಯ್ಯಲಿ ನನ್ನಪ್ಪ, ಹೊಯ್ಯಲಿ," ಅಂತ ಎರಡೂ ಕೈ ಎತ್ತಿ ಅಳುತ್ತಿದ್ದಳು.

"ಎಜೆ?" ಅಂದೆ ಫೋನಿಗೆ. ಕೇಳಲು ಭಯವಾಗಿತ್ತು. "ಎಜೆಗೆ ಎಚ್ಚರ ಆಯ್ತಾ?"

"ಆಯ್ತು. ನಾನು ಬಗ್ಗಿ 'ಅದು ಕೆಲಸ ಮಾಡ್ತಿದೆ ಎಜೆ' ಅಂದೆ. ಕಣ್ಣು ಬಿಟ್ರು. ಮಾತಾಡೋಕೆ ಆಗ್ತಿರಲಿಲ್ಲ, ಬಾಯಿ ಒಣಗಿತ್ತು. ಆದ್ರೂ ಏನೋ ಕೇಳಿದ್ರು. ಕಿವಿಯಿಟ್ಟು ಕೇಳಿದೆ."

"ಏನಂತೆ?"

"'ಎಷ್ಟು?' ಅಂದ್ರು ಕೆಲ್ದಿ. 'ಎಷ್ಟು ಬಂತು, ತೂಗಿ ಹೇಳು,' ಅಂದ್ರು."